ಬಿಷಪ್ಪನ ಕೊಡೆ ಮತ್ತು ಮ್ಯಾಜ್ ಹೆರಾಟಿಯ ಪೆಟ್ಟಿಗೆ

೧

ಎಲ್ಲಿಂದ ಶುರು ಮಾಡಲಿ?

ಐರ್ಲೆಂಡಿನ ಡಾನಿಗಾಲ್ ಸೀಮೆಯ ಕಥೆಯೆಂದರೆ ಮಳೆಯಿಂದ ಶುರು ಮಾಡಬೇಕು ಅನ್ನುವುದು ಇಲ್ಲಿಯ ಅಲಿಖಿತ ಕಾನೂನು. ಮಾಡಿ ನೋಡಿದೆ. ಮೂರು ಸಾಲು ಬರೆಯುವಷ್ಟರಲ್ಲಿ ಕಥೆಯೊಳಗಿನ ಬಟ್ಟೆಗಳೆಲ್ಲ ಒದ್ದೆಯಾಗಿ, ಒಬ್ಬರೂ ಮನೆಯಿಂದಾಚೆ ಕಾಲಿಡಲಿಲ್ಲ. ಅಳಿಸಿದೆ.

ಎರಡನೆಯ ಡ್ರಾಫ್ಟು ಹೀಗಿತ್ತು. ಒಬ್ಬಳು ಮುದುಕಿ. ಹಳೇ ಪಿಟೀಲು, ಹಳೇ ಮಟ್ಟು, ಹಳೇ ಸಿಟ್ಟು. ಒಬ್ಬ ಯುವಕ, ಕೈಯಲ್ಲಿ ಕರೆಂಟಿನ ಪೆಟ್ಟಿಗೆ. ಮುದುಕಿ ಸಂಪ್ರದಾಯ, ಯುವಕ ಹೊಸತನ. ಇಬ್ಬರೂ ಕಚ್ಚಾಡಿ, ಕೊನೆಗೆ ಒಟ್ಟಿಗೆ ಕೂತು ನುಡಿಸಿ, ಓದುಗರು ಮೂಗೊರೆಸಿಕೊಂಡು... ಚೆನ್ನಾಗಿತ್ತು. ಬಹುಮಾನ ಬರುವಷ್ಟು ಚೆನ್ನಾಗಿತ್ತು.

ತಪ್ಪಾದದ್ದು ಎಲ್ಲಿ ಎಂದರೆ, ಅದನ್ನು ಅನುವಾದ ಮಾಡಿಕೊಂಡು ಮ್ಯಾಜ್ ಹೆರಾಟಿಯ ಅಡುಗೆಮನೆಯಲ್ಲಿ ಕೂತು ಅವಳಿಗೇ ಓದಿ ಹೇಳಿದೆ. ಆ ಮುದುಕಿ ಅವಳೇ. (ಪಾತ್ರ ಪಕ್ಕದ ಮನೆಯಲ್ಲೇ ಇದ್ದರೆ ಕಥೆಗಾರರ ಗತಿ ಇಷ್ಟೇ. ನೀವಾದರೂ ದೂರದವರ ಬಗ್ಗೆ ಬರೆಯಿರಿ.)

ಅವಳು ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಚಾಕು ಕೆಳಗಿಟ್ಟಳು.

"ಇದರಲ್ಲಿ ನಾನ್ಯಾಕೆ ಬೈತಾ ಇದೀನಿ?"

"ನೀವು ಸಂಪ್ರದಾಯ ಅಲ್ವಾ, ಮ್ಯಾಜ್."

"ಪೆಟ್ಟಿಗೆ ತಂದೋಳು ನಾನು. ಬೈದೋನು ಅವನು. ತಿರುಗಿಸಿ ಬರಿ."

೧ (ತಿರುಗಿಸಿದ್ದು)

ಊರಿನ ಹೆಸರು ಮೀನಬ್ರಾಕ್. ಹೆಸರಲ್ಲಿ ಮೀನಿದೆ, ಊರಲ್ಲಿ ಇಲ್ಲ. ಅವರ ಐರಿಷ್ ನುಡಿಯಲ್ಲಿ ಮೀನ್ ಎಂದರೆ ಗುಡ್ಡದ ಮೇಲಿನ ಹುಲ್ಲುಗಾವಲು. ಅಲ್ಲಿ ಕುರಿಗಳಿಗಿಂತ ಸ್ವಲ್ಪ ಕಡಿಮೆ ಸಂಖ್ಯೆಯಲ್ಲಿ ಪಿಟೀಲು ನುಡಿಸುವವರಿದ್ದರು. ಅವರಲ್ಲಿ ಹೆಸರಾದವರು ಅಕ್ಕ ತಮ್ಮ, ಮ್ಯಾಜ್ ಮತ್ತು ಕಾಂಡಿ.

ಇಬ್ಬರೂ ಒಂದೇ ಮಟ್ಟನ್ನು ನುಡಿಸುತ್ತಿದ್ದರು. ಮ್ಯಾಜ್ ಮೇಲೆ, ಕಾಂಡಿ ಕೆಳಗೆ ಮಂದ್ರದಲ್ಲಿ. ಕಣ್ಣು ಮುಚ್ಚಿ ಕೇಳಿದರೆ ಎರಡು ಪಿಟೀಲು ಅನಿಸುತ್ತಿರಲಿಲ್ಲ. ಬಾಗಿಲಷ್ಟು ಅಗಲದ ಒಂದೇ ಪಿಟೀಲನ್ನು ಯಾರೋ ದೈತ್ಯ ಕುಯ್ಯುತ್ತಿದ್ದಾನೆ ಅನಿಸುತ್ತಿತ್ತು. ಕಾಂಡಿ ರಸ್ತೆ ಕೆಲಸದವನು, ಸಲಿಕೆಯಂಥ ಕೈ, ಮಾತು ಕಮ್ಮಿ. ಅವನಿಗೆ ಒಂದು ಚಾಳಿ. ಮಟ್ಟಿನ ಮೊದಲ ಭಾಗ ಮುಗಿದು ಎರಡನೆಯದಕ್ಕೆ ಹೊರಳುವಾಗ ಅವನು ಕೂದಲೆಳೆಯಷ್ಟು ತಡ. ಕಿಟಕಿಯಾಚೆ ಯಾರ ಕಾರು ಹೋಯಿತು ಎಂದು ನೋಡದೆ ಅವನಿಗೆ ಎರಡನೆಯ ಭಾಗಕ್ಕೆ ಕಾಲಿಡಲು ಆಗುತ್ತಿರಲಿಲ್ಲ. ಮ್ಯಾಜ್ ಪ್ರತಿ ಸಲವೂ ಅವನಿಗಾಗಿ ಒಂದು ಸ್ವರವನ್ನು ಎಳೆದು ಹಿಡಿಯುತ್ತಿದ್ದಳು, ಬಸ್ಸು ಹಿಡಿದು ನಿಲ್ಲಿಸಿಕೊಂಡ ಹಾಗೆ. ಹತ್ತು ಬಗೆಯ ಕಾರು, ಹತ್ತು ಬಗೆಯ ತಡ.

ಕಾಂಡಿ ಸತ್ತ ಮೇಲೆ ಮ್ಯಾಜ್ ಪಿಟೀಲನ್ನು ಗೋಡೆಗೆ ನೇತುಹಾಕಿದಳು. ಬ್ರೆಸ್ಲಿನ್ ಪಬ್ಬಿನ ಭಾನುವಾರದ ಕೂಟಕ್ಕೂ ಹೋಗಲಿಲ್ಲ. ಊರವರು ದುಃಖ ಅಂದರು. ಅವಳು ಮಾತ್ರ ಅರ್ಧ ಮಟ್ಟು ಮಟ್ಟಲ್ಲ, ಅರ್ಧ ಕತ್ತರಿ ಕತ್ತರಿಯಲ್ಲ ಅಂದಳು.

(ಇಲ್ಲಿ ನಾನು ಒಂದು ನಾಯಿ ತಂದಿದ್ದೆ. ಕಾಂಡಿಯ ನಾಯಿ, ಬಾಗಿಲು ನೋಡುತ್ತ ಮಲಗಿದ್ದು. ಮ್ಯಾಜ್ ಹೇಳಿದಳು, "ನಮ್ಮನೇಲಿ ಯಾವತ್ತೂ ನಾಯಿ ಇರಲಿಲ್ಲ. ಕಣ್ಣೀರು ಬೇಕಿದ್ರೆ ಈರುಳ್ಳಿ ಹೆಚ್ಚು." ನಾಯಿಯನ್ನು ಅಳಿಸಿದೆ. ಪಾಪ, ಒಳ್ಳೆಯ ನಾಯಿ.)

೨

ಮ್ಯಾಜ್ ಆ ಪೆಟ್ಟಿಗೆಯನ್ನು ಮೊದಲು ಕಂಡದ್ದು ಗ್ಲೆಂಟೀಸಿನ ಒಂದು ಮದುವೆಯಲ್ಲಿ. ಗಿಟಾರಿನವನೊಬ್ಬ ಏನೋ ನುಡಿಸಿ, ಕಾಲಲ್ಲಿ ಒಂದು ಪೆಟ್ಟಿಗೆ ಒತ್ತಿದ. ಅವನು ಕೈ ಬಿಟ್ಟು ಮೂಗು ಕೆರೆದುಕೊಂಡರೂ ಗಿಟಾರು ಮಾತ್ರ ಮುಂದುವರಿಯಿತು. ನುಡಿಸಿದ್ದನ್ನು ನುಂಗಿಕೊಂಡು, ಮತ್ತೊಮ್ಮೆ ಒತ್ತುವ ತನಕ ಸುತ್ತಿ ಸುತ್ತಿ ಅದನ್ನೇ ಉಗುಳುವ ಪೆಡಲ್ಲು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಮ್ಯಾಜ್ ಕೇಕು ತಿನ್ನುವುದನ್ನು ಬಿಟ್ಟು ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮದುಮಗಳು ಹೊರಟರೂ ಏಳಲಿಲ್ಲ.

ಮುಂದಿನ ವಾರ ಬಸ್ಸು ಹತ್ತಿ ಲೆಟರ್ಕೆನ್ನಿ ಪೇಟೆಯ ವಾದ್ಯದಂಗಡಿಗೆ ಹೋದಳು. ಅಂಗಡಿಯ ಹುಡುಗಿ ಮೊಮ್ಮಗನಿಗಾ ಎಂದು ಕೇಳಿದಳಂತೆ. ಹೌದು, ಅವನಿಗೆ ಎಪ್ಪತ್ತು ದಾಟಿದೆ, ಬಟನ್ನು ದೊಡ್ಡದಿರಲಿ ಅಂದಳಂತೆ ಇವಳು.

ಮನೆಗೆ ತಂದು, ಅಡುಗೆಮನೆಯ ಕೆಟಲಿನ ಪ್ಲಗ್ಗು ಕಿತ್ತು ಅದನ್ನು ಸಿಕ್ಕಿಸಿದಳು. ಗೋಡೆಯಿಂದ ಪಿಟೀಲು ಇಳಿಸಿದಳು. 'ಬಿಷಪ್ಪನ ಕೊಡೆ' ಎಂಬ ಹಳೇ ರೀಲನ್ನು ಎತ್ತಿಕೊಂಡಳು (ರೀಲ್ ಅಂದರೆ ಕುಣಿತದ ಮಟ್ಟು, ನಿಮ್ಮ ಫೋನಿನದ್ದಲ್ಲ). ಮೊದಲು ಕಾಂಡಿಯ ಭಾಗವನ್ನು ಕೆಳಗಿನ ತಂತಿಗಳಲ್ಲಿ ತಾನೇ ನುಡಿಸಿದಳು, ಅವನ ಹಾಗೇ, ಹೊರಳುವಲ್ಲಿ ಕೂದಲೆಳೆ ತಡಮಾಡಿ. ಪೆಡಲ್ಲು ಒತ್ತಿದಳು. ಗೋಡೆಯ ಕಡೆಯಿಂದ ತಮ್ಮ ಶುರುಮಾಡಿದ. ಅವಳು ಮೇಲಿನ ಭಾಗ ಹಿಡಿದಳು.

ಆಗ ಅತ್ತಿರಾ ಎಂದು ನಾನು ಕೇಳಿದೆ. ಚಹಾ ಮಾಡೋಣ ಅಂತಿದ್ದೆ, ಕೆಟಲ್ ಪ್ಲಗ್ಗು ಕಿತ್ತಿದ್ದೆನಲ್ಲ, ಅಂದಳು. ಇದಕ್ಕಿಂತ ಹೆಚ್ಚಿಗೆ ಅವಳ ಬಾಯಿಂದ ನನಗೆ ಹೊರಡಿಸಲಾಗಲಿಲ್ಲ, ನೀವೂ ಕೇಳಬೇಡಿ.

ಎರಡು ದಿನ ಸುಖ. ಮೂರನೆಯ ದಿನ ಕಿರಿಕಿರಿ ಶುರುವಾಯಿತು. ಪೆಟ್ಟಿಗೆಯ ಕಾಂಡಿಯೂ ಹೊರಳುವಲ್ಲಿ ತಡ ಮಾಡುತ್ತಿದ್ದ, ಆದರೆ ಪ್ರತಿ ಸಲ ಅಷ್ಟೇ ತಡ, ಒಂದಿಷ್ಟೂ ಹೆಚ್ಚಿಲ್ಲ ಕಮ್ಮಿಯಿಲ್ಲ. ದಿನವಿಡೀ ಒಂದೇ ಕಾರು ಹಾದುಹೋದ ಹಾಗೆ. ಅವನಿಗೆ ಬೈದರೂ ಬದಲಾಗುತ್ತಿರಲಿಲ್ಲ. ಕೊನೆಗೆ ಬೇಸರ ತಾಳಲಾರದೆ ಮ್ಯಾಜ್ ತಾನೇ ಬದಲಾದಳು. ಒಮ್ಮೆ ಅವನಿಗೆ ಕಾಯದೆ ನುಗ್ಗಿದಳು. ಒಮ್ಮೆ ಪೂರ್ತಿ ಒಂದು ಸುತ್ತು ಸುಮ್ಮನಿದ್ದು ನಡುವೆ ಹಾರಿಬಿದ್ದಳು. ಮಟ್ಟಿನಲ್ಲಿ ಇಲ್ಲದ ಸ್ವರಗಳನ್ನು ತಂದಳು, ಕಮಾನಿನ ಬೆನ್ನಿನಿಂದ ತಂತಿಗೆ ತಟ್ಟಿದಳು. ಅದು ಬಿಷಪ್ಪನ ಕೊಡೆಯೇ, ಆದರೆ ಗಾಳಿಗೆ ಉಲ್ಟಾ ಹೊಡೆದದ್ದು. ಜೀವಮಾನದಲ್ಲಿ ಮೊದಲ ಸಲ, ಮುಂದೆ ತಾನೇನು ನುಡಿಸುತ್ತೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅದರ ರುಚಿ ಹತ್ತಿತು.

೩

ಈಗ ಆ ಯುವಕ. ಹೆಸರು ಫಿಯಾಕ್ರ ಗಿಲ್ಡೇ. ಮೂವತ್ತರ ಹತ್ತಿರ, ಕೆಂಚು ಗಡ್ಡ, ಪೇಟೆಯ ಶಾಲೆಯಲ್ಲಿ ಮರಗೆಲಸದ ಮೇಷ್ಟರು. ಮ್ಯಾಜ್ ಮತ್ತು ಕಾಂಡಿ ಬಹಳ ವರ್ಷದ ಹಿಂದೆ ರೇಡಿಯೋದವರಿಗಾಗಿ ನುಡಿಸಿದ್ದ ಒಂದು ರೆಕಾರ್ಡಿಂಗನ್ನು ಹದಿನೈದನೇ ವಯಸ್ಸಿನಲ್ಲಿ ಕೇಳಿ ಹುಚ್ಚು ಹಿಡಿಸಿಕೊಂಡವನು. ಅದರ ಒಂದೊಂದು ಕಮಾನೆಳೆತವೂ ಅವನಿಗೆ ಬಾಯಿಪಾಠ. ಈಗ ಬ್ರೆಸ್ಲಿನ್ ಪಬ್ಬಿನ ಕೂಟಕ್ಕೆ ಅವನೇ ಕಾವಲುಗಾರ. ಗಿಟಾರು ತಂದವರನ್ನು ವಿನಯದಿಂದ ಕೌಂಟರಿನ ಕಡೆ ಕೂರಿಸುತ್ತಾನೆ. ಶರತ್ಕಾಲದಲ್ಲಿ ಕಾಂಡಿಯ ನೆನಪಿಗೆ ಮೀನಬ್ರಾಕಿನ ಶೈಲಿ ಕಲಿಸುವ ಶಿಬಿರವೊಂದನ್ನು ನಡೆಸಲು ಹೊರಟಿದ್ದ. ದೇಶ ವಿದೇಶದಿಂದ ಮೂವತ್ತು ಚಿಲ್ಲರೆ ಜನ ಹೆಸರು ಕೊಟ್ಟಿದ್ದರು. ಕೊನೆಯ ಮಧ್ಯಾಹ್ನ ಮ್ಯಾಜ್ ನುಡಿಸಬೇಕು, ಹಳೇ ರೀತಿಯಲ್ಲಿ. ಅದಕ್ಕೆ ಅವಳನ್ನು ಒಪ್ಪಿಸಲು ಮನೆಗೆ ಬಂದ.

ಅಂಗಳದಲ್ಲೇ ಕಾಲು ನಿಂತಿತು. ಒಳಗೆ ಕಾಂಡಿ ನುಡಿಸುತ್ತಿದ್ದ.

ಬಾಗಿಲು ತಟ್ಟುವುದನ್ನೂ ಮರೆತು ಒಳನುಗ್ಗಿದ. ಮ್ಯಾಜ್ ಒಂಟಿ ಚಪ್ಪಲಿಯಲ್ಲಿ ಪೆಡಲ್ಲಿನ ಮೇಲೆ ಕಾಲಿಟ್ಟುಕೊಂಡು, ಪಿಟೀಲಿನಿಂದ ಬಾತುಕೋಳಿ ಓಡಿಸಿದಂಥ ಸದ್ದು ಹೊರಡಿಸುತ್ತಿದ್ದಳು. ಅವನ ಮುಖ, ಮೊದಲು ಬೆಳಗಿದ್ದು ಹಾಗೇ ಆರಿತು. ಮ್ಯಾಜ್ ಅದನ್ನು ನೋಡಿದಳು.

ಚಹಾ ಕೊಟ್ಟಳು. ಅವನು ಬಹಳ ಹೊತ್ತು ಕಪ್ಪು ತಿರುಗಿಸಿದ. ಶೈಲಿ ಎನ್ನುವುದು ಒಬ್ಬರದ್ದಲ್ಲ, ಕಣಿವೆಯದ್ದು, ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ ಅಂದ. ತನ್ನ ಅಜ್ಜನ ಊರಿನಲ್ಲಿ ಹಾಗೇ ಹೋಯಿತು, ಈಗ ಅಲ್ಲಿ ಒಬ್ಬರಿಗೂ ಒಂದು ಮಟ್ಟೂ ಗೊತ್ತಿಲ್ಲ, ಅದಕ್ಕೇ ಹೆದರಿಕೆ ಅಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ.

"ಬೇಜಾರು ಮಾಡ್ಕೋಬೇಡಿ, ಮ್ಯಾಜ್. ಆದರೆ ಇದು ಮ್ಯಾಜ್ ಹೆರಾಟಿ ಶೈಲಿ ಅಲ್ಲ."

"ಹೌದಾ. ಹಾಗಾದ್ರೆ ಅವಳನ್ನೇ ಕರ್ಕೊಂಡು ಬಾ, ವಿಚಾರಿಸೋಣ."

ಅವನು ಕೊನೆಯ ದಾರಿ ಹಿಡಿದ. ಕಾಂಡಿಯ ಭಾಗವನ್ನು ತಾನೇ ನುಡಿಸುತ್ತೇನೆ, ಪೆಟ್ಟಿಗೆ ಬೇಡ ಅಂದ. ಅವಳು ಆಗಲಿ ಅಂದಳು. ಇಬ್ಬರೂ ಕೂತರು. ಫಿಯಾಕ್ರ ರೆಕಾರ್ಡಿಂಗಿನಲ್ಲಿದ್ದ ಕಾಂಡಿಯನ್ನು ಒಂದಕ್ಷರ ಬಿಡದೆ ನುಡಿಸಿದ, ಹೊರಳುವಲ್ಲಿನ ತಡವನ್ನೂ ಸೇರಿಸಿ. ಎರಡನೇ ಸುತ್ತಿನಲ್ಲಿ ಅಷ್ಟೇ ತಡ. ಮೂರನೇದರಲ್ಲಿ ಅಷ್ಟೇ.

ಮ್ಯಾಜ್ ಕಮಾನು ಇಳಿಸಿದಳು. "ಇದನ್ನ ಪೆಟ್ಟಿಗೇನೂ ಮಾಡತ್ತೆ ಕಣಪ್ಪಾ. ಅದು ಚಹಾ ಕೇಳಲ್ಲ."

ಅವನು ಅರ್ಧ ಕಪ್ಪು ಹಾಗೇ ಬಿಟ್ಟು ಎದ್ದುಹೋದ.

(ಈ ಮಾತನ್ನು ತೆಗೆದುಬಿಡು ಅಂತ ಮ್ಯಾಜ್ ನನಗೆ ಈಚೆಗೆ ಹೇಳಿದಳು. ಹುಡುಗ ನೊಂದುಕೊಂಡ, ನೋಡು, ಅಂದಳು. ನಾನು ತೆಗೆಯಲಿಲ್ಲ. ಕಥೆಗಾರರಿಗೂ ಒಂದು ಮರ್ಯಾದೆ ಇದೆ. ಹೆಚ್ಚಿಲ್ಲ, ಇದೆ.)

೪

ಮುಂದಿನ ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಹೊರಬಂದಾಗ ಜನ ಮ್ಯಾಜಳ ಸುತ್ತ ನೆರೆದರು. ಮಣಿಕಟ್ಟು ಹೇಗಿದೆ ಎಂದು ಒಬ್ಬಳು ಕೇಳಿದಳು. ಬಿಸಿನೀರಿಗೆ ಉಪ್ಪು ಹಾಕಿ ಅದ್ದು ಅಂದಳು ಇನ್ನೊಬ್ಬಳು. ಪಾದ್ರಿಯವರು ಪ್ರಾರ್ಥಿಸುವುದಾಗಿ ಹೇಳಿದರು.

ಮ್ಯಾಜ್ ಎರಡೂ ಮಣಿಕಟ್ಟು ನೋಡಿಕೊಂಡಳು. ಯಾವುದು ಎಂದು ಯಾರೂ ಹೇಳಿರಲಿಲ್ಲ.

ವಿಷಯ ಹೊರಬಿತ್ತು. ಮ್ಯಾಜಳ ಕೈಗೆ ತೊಂದರೆ, ಶಿಬಿರದಲ್ಲಿ ನುಡಿಸಲು ಆಗುವುದಿಲ್ಲ ಎಂದು ಫಿಯಾಕ್ರ ಎಲ್ಲರಿಗೂ ಹೇಳಿಬಿಟ್ಟಿದ್ದ. ದೂರದಿಂದ ಬಂದವರ ಮುಂದೆ ಅವಳು ಆ ಪೆಟ್ಟಿಗೆ ಒತ್ತಿಕೊಂಡು ಬಾತುಕೋಳಿ ಓಡಿಸುವುದನ್ನು ಅವನು ಸಹಿಸಲಾರ. ಹಾಗಂತ ಬೇಡ ಎಂದು ಅವಳಿಗೆ ನೇರ ಹೇಳಲೂ ಆರ.

ಮ್ಯಾಜಳಿಗೆ ಸಿಟ್ಟು ನೆತ್ತಿಗೇರಿತು. ಮನೆಯವರೆಗೆ ನಡೆಯುವಷ್ಟರಲ್ಲಿ ಆ ಸಿಟ್ಟು ಬೇರೇನೋ ಆಯಿತು. ಔಷಧಿ ಅಂಗಡಿಯ ಮುಂದೆ ನಿಂತು, ಒಳಗೆ ಹೋಗಿ, ಅಲ್ಲಿದ್ದ ಎಲ್ಲಕ್ಕಿಂತ ಉದ್ದದ ಬ್ಯಾಂಡೇಜು ಕೊಂಡಳು.

೪ರ ಮುಂದಿನದು, ಅಥವಾ ಮೂರು ಅಂತ್ಯಗಳಿಗೆ ಮುಂಚಿನದು

ಶಿಬಿರದ ಕೊನೆಯ ಮಧ್ಯಾಹ್ನ. ಊರಿನ ಸಭಾಭವನ, ಇಲ್ಲಿಯವರ ಬಾಯಲ್ಲಿ ಹಾಲು. ನಾನು ಅಡುಗೆಕೋಣೆಯಲ್ಲಿ ಚಹಾ ವಿಭಾಗ, ಕಿಂಡಿಯಿಂದ ಎಲ್ಲ ಕಾಣುತ್ತಿತ್ತು. ಮ್ಯಾಜ್ ಬಲಗೈಯನ್ನು ಮೊಣಕೈವರೆಗೂ ಸುತ್ತಿಕೊಂಡು, ಎಡಗೈಲಿ ದೊಡ್ಡ ಚೀಲ ಹಿಡಿದು, ಮುಂದಿನ ಸಾಲಿನಲ್ಲಿ ಬಂದು ಕೂತಳು. ಫಿಯಾಕ್ರ ಬ್ಯಾಂಡೇಜು ನೋಡಿದ. ಅವಳು ಅವನತ್ತ ಸುತ್ತಿದ ಕೈಯನ್ನೇ ಎತ್ತಿ ಬೀಸಿದಳು. ಅವನ ಗಡ್ಡದ ಮೇಲಿನ ಚರ್ಮವೆಲ್ಲ ಗಡ್ಡದ ಬಣ್ಣಕ್ಕೆ ತಿರುಗಿತು.

ವಿದ್ಯಾರ್ಥಿಗಳು ಬಿಷಪ್ಪನ ಕೊಡೆ ಎತ್ತಿಕೊಂಡರು. ಮೂವತ್ತು ಪಿಟೀಲು ಒಟ್ಟಿಗೆ, ಒಂದೇ ಕಮಾನು ಎಳೆದಂತೆ. ಚೆನ್ನಾಗಿಯೇ ನುಡಿಸಿದರು. ಮ್ಯಾಜ್ ಕಾಲು ತಟ್ಟುತ್ತಿದ್ದಳು. ಎರಡನೆಯ ಭಾಗದ ನಡುವೆ ಮೂವತ್ತೂ ಜನ ಒಮ್ಮೆಲೇ ನಿಂತರು. ಒಂದು ಸ್ವರದಷ್ಟು ಮೌನ. ಮತ್ತೆ ಮೂವತ್ತೂ ಜನ ಒಮ್ಮೆಲೇ ಮುಂದುವರಿದರು. ಮುಂದಿನ ಸುತ್ತಿನಲ್ಲೂ ಅಲ್ಲೇ ನಿಂತರು.

ಮ್ಯಾಜಳ ಕಾಲು ತಟ್ಟುವುದನ್ನು ನಿಲ್ಲಿಸಿತು.

ಮುಗಿದ ಮೇಲೆ ಓಸಾಕಾದಿಂದ ಬಂದಿದ್ದ ಹಿಸಾಕೊ ಎಂಬಾಕೆ ಎದ್ದು, ಬಹಳ ಗೌರವದಿಂದ ಬಾಗಿ ಮ್ಯಾಜಳನ್ನು ಕೇಳಿದಳು. ಈ ಮೌನಕ್ಕೆ ಮೇಷ್ಟರು 'ಮೀನಬ್ರಾಕಿನ ಉಸಿರು' ಎಂದು ಹೆಸರು ಹೇಳಿಕೊಟ್ಟಿದ್ದಾರೆ, ಒಂದಿಡೀ ಬೆಳಗ್ಗೆ ಅದನ್ನೇ ಅಭ್ಯಾಸ ಮಾಡಿದೆವು, ನಿಮ್ಮ ರೆಕಾರ್ಡಿಂಗಿನಲ್ಲಿ ಅದನ್ನು ಕೇಳಿ ನಾನು ಅತ್ತಿದ್ದೇನೆ, ಅದರ ಅರ್ಥವೇನು?

ಫಿಯಾಕ್ರ ಅಲುಗಾಡಲಿಲ್ಲ. ಅವನ ಸುಳ್ಳು ಅವಳ ಕೈಗೆ ಸುತ್ತಿಕೊಂಡಿತ್ತು, ಅವನ ಶೈಲಿ ಅವಳ ನಾಲಿಗೆಯ ತುದಿಯಲ್ಲಿತ್ತು.

ಅ. ಮ್ಯಾಜ್ ಎದ್ದು ಎಲ್ಲ ಹೊರಗೆ ಹಾಕುತ್ತಾಳೆ. ಮಣಿಕಟ್ಟು, ಸುಳ್ಳು, ಎಲ್ಲ. ಫಿಯಾಕ್ರ ಪಿಟೀಲು ಮಾರಿ ಆಸ್ಟ್ರೇಲಿಯಾಕ್ಕೆ ಹೋಗುತ್ತಾನೆ. (ಮ್ಯಾಜ್: "ನಾನೇನು ರಾಕ್ಷಸೀನಾ?")

ಆ. ಮ್ಯಾಜ್ ಅವನ ಮಾನ ಉಳಿಸಲು, ಆ ಉಸಿರು ಪೂರ್ವಜರದ್ದು, ಬೆಟ್ಟದ ಗಾಳಿಯದ್ದು ಎಂದು ಸೊಗಸಾಗಿ ಹೇಳುತ್ತಾಳೆ. (ಫಿಯಾಕ್ರ: "ಅವರು ಯಾರ ಮಾನಾನೂ ಉಳಿಸಿದ್ದು ನಾನು ನೋಡಿಲ್ಲ. ನಂಬೋ ಹಾಗೆ ಬರೀರಿ.")

ಆದದ್ದು ಇಷ್ಟು. ಮ್ಯಾಜ್ ಹಿಸಾಕೊಳನ್ನು ನೋಡಿದಳು, ಒಳ್ಳೆಯ ಮುಖ, ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಅವತ್ತು ರೇಡಿಯೋದವರು ಬಂದಾಗ ನನ್ನ ಕಾಲುಚೀಲದ ಇಲಾಸ್ಟಿಕ್ಕು ಕಿತ್ತುಹೋಯ್ತು, ಮಗಳೇ. ಚೀಲ ಜಾರ್ತಾ ಇತ್ತು. ಮೊಣಕಾಲಲ್ಲಿ ಒತ್ತಿ ಹಿಡ್ಕೊಂಡೆ. ಅಷ್ಟೊತ್ತಿಗೆ ಒಂದು ಸ್ವರ ಹೋಯ್ತು."

ಮೊದಲು ಯಾರಿಗೂ ನಗುವ ಧೈರ್ಯವಿರಲಿಲ್ಲ. ನಕ್ಕವಳು ಹಿಸಾಕೊ, ಬಾಯಿಗೆ ಕೈ ಅಡ್ಡ ಹಿಡಿದು. ಆಮೇಲೆ ಹಾಲು ಹಾಲೇ ಉಕ್ಕಿತು. ನಾನು ಚಹಾ ಚೆಲ್ಲಿದೆ. ಕಟ್ಟಕಡೆಗೆ ಫಿಯಾಕ್ರನೂ ನಕ್ಕ, ಆದರೆ ಅವನದ್ದು ಬೇರೆ ಥರದ ನಗು, ಕಣ್ಣೊರೆಸಿಕೊಳ್ಳುತ್ತ. ಎದ್ದು ನಿಂತು, ಅವರ ಕೈಗೆ ಏನೂ ಆಗಿಲ್ಲ, ಸುಳ್ಳು ಹೇಳಿದ್ದು ನಾನು ಎಂದು ಎಲ್ಲರೆದುರು ಹೇಳಿದ. ಯಾಕೆ ಎಂದೂ ಹೇಳಿದ.

ಮೇಷ್ಟರ ಗತಿ ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಕಥೆಗೆ ಚುಕ್ಕಿ ಇಡಲು ಹೊರಟೆ. ಅಷ್ಟರಲ್ಲಿ ಅವನು ಫೋನು ತೆಗೆದ. ನಿಮಗೆ ಒಂದು ಕೇಳಿಸಬೇಕಿತ್ತು ಮ್ಯಾಜ್, ಇವತ್ತು ಕೊಡೋಣ ಅಂತ ಇಟ್ಟಿದ್ದೆ, ಅಂದ. ರೇಡಿಯೋದವರಿಗಿಂತ ಎಷ್ಟೋ ವರ್ಷ ಮುಂಚೆ, ಮಟ್ಟು ಸಂಗ್ರಹಿಸಲು ಬಂದ ಯಾರೋ ಅವಳಪ್ಪನ ಪಿಟೀಲನ್ನು ರೆಕಾರ್ಡು ಮಾಡಿದ್ದರು. ಅದು ಯಾವುದೋ ಕಪಾಟಿನಲ್ಲಿ ಬಿದ್ದಿದ್ದು ಈಗ ಸಿಕ್ಕಿತ್ತು.

ಫೋನಿನಿಂದ ಕೆಮ್ಮು ಕೇಳಿತು. ಕುರ್ಚಿ ಸರಿದ ಸದ್ದು. ಆಮೇಲೆ ಬಿಷಪ್ಪನ ಕೊಡೆ, ಒಂದೇ ಪಿಟೀಲು. ಮ್ಯಾಜ್ ಅಪ್ಪನ ಕಮಾನನ್ನು ಕೇಳದೆ ಐವತ್ತು ವರ್ಷವಾಗಿತ್ತೋ ಏನೋ. ಅವಳು ಮುಂದೆ ಬಾಗಿದಳು. ಎರಡನೆಯ ಭಾಗ ಬಂತು. ನಡುವಿಗೆ ಬಂತು.

ಅಪ್ಪ ನಿಂತ. ಒಂದು ಸ್ವರದಷ್ಟು. ಮತ್ತೆ ಹೊರಟ.

ಮ್ಯಾಜ್ ಮತ್ತೊಮ್ಮೆ ಹಾಕಲು ಹೇಳಿದಳು. ಮತ್ತೆ ಅಲ್ಲೇ ನಿಂತ. ಅವಳು ತನ್ನ ಕಾಲಿನತ್ತ ನೋಡಿಕೊಂಡಳು.

"ನಾನು ಕಂಡ ಹಾಗೆ ನಮ್ಮಪ್ಪ ಉದ್ದ ಕಾಲುಚೀಲ ಹಾಕ್ತಿರಲಿಲ್ಲ," ಎಂದಳು.

೫, ಇದು ಅಂತ್ಯವಲ್ಲ

ನೀವು ಕೇಳುತ್ತೀರಿ, ಹಾಗಾದರೆ ಯಾವುದು ನಿಜ? ಇಲಾಸ್ಟಿಕ್ಕೋ, ಅಪ್ಪನೋ? ನಾನೂ ಕೇಳಿದೆ. ಚೀಲ ಜಾರಿದ್ದು ನಿಜ, ಬೇಕಾದರೆ ಆಣೆ ಇಡುತ್ತೇನೆ ಅನ್ನುತ್ತಾಳೆ ಮ್ಯಾಜ್. ಅಪ್ಪನಿಂದ ಕೈಗೆ ಬಂದ ಮೌನವನ್ನು ಕೈ ನುಡಿಸಿತು, ಅದಕ್ಕೆ ಕಾರಣ ಬೇಕಾದಾಗ ಕಾಲುಚೀಲ ಸಿಕ್ಕಿತು ಅನ್ನುತ್ತಾನೆ ಫಿಯಾಕ್ರ. ಅಪ್ಪನಿಗೂ ಅವತ್ತು ಏನೋ ಜಾರಿರಬೇಕು ಅನ್ನುತ್ತಾಳೆ ಅವಳು. ನನ್ನ ಬಳಿ ಮೂರನೆಯ ಉತ್ತರವಿಲ್ಲ, ಇದ್ದರೂ ಇಬ್ಬರೂ ಒಪ್ಪುವುದಿಲ್ಲ.

ಇ ಎಂಬ ಅಂತ್ಯವನ್ನು ಖಾಲಿ ಬಿಟ್ಟಿದ್ದೇನೆ. ಯಾಕೆಂದರೆ ಅಷ್ಟರಲ್ಲಿ ಮ್ಯಾಜ್ ಬ್ಯಾಂಡೇಜು ಬಿಚ್ಚತೊಡಗಿದ್ದಳು. ಬಹಳ ಉದ್ದವಿತ್ತು, ಹಿಸಾಕೊ ಒಂದು ತುದಿ ಹಿಡಿದುಕೊಂಡಳು. ಚೀಲದಿಂದ ಪಿಟೀಲು ಬಂತು, ಪೆಡಲ್ಲು ಬಂತು. ಪ್ಲಗ್ಗು ಎಲ್ಲಿ ಎಂದು ಕೇಳಿದಳು. ನನ್ನ ಚಹಾದ ಪಾತ್ರೆಯ ಪ್ಲಗ್ಗು ಕಿತ್ತರು.

ಕಾಂಡಿಯನ್ನು ಪೆಟ್ಟಿಗೆಗೆ ತುಂಬಿಸಿ ಶುರು ಮಾಡಿಸಿದಳು. ಕೆಳಗೆ ಅವನು, ಮೇಲೆ ತಾನು. ಆಮೇಲೆ ಫಿಯಾಕ್ರನಿಗೆ ಕಣ್ಣಲ್ಲೇ ಕುರ್ಚಿ ತೋರಿಸಿ ನುಡಿಸು ಅಂದಳು.

"ಕೆಳಗೆ ಕಾಂಡಿ ಇದ್ದಾನೆ, ಮೇಲೆ ನೀವಿದೀರಿ. ನಾನೇನು ನುಡಿಸಲಿ?"

"ಅದನ್ನ ನಾನ್ಯಾಕೆ ಹೇಳಲಿ."

ಅವನು ಕಮಾನೆತ್ತಿದ. ಅಭ್ಯಾಸದಂತೆ ಮಂದ್ರಕ್ಕೆ ಹೋದ, ಅಲ್ಲಿ ಜಾಗವಿರಲಿಲ್ಲ. ಮೇಲಕ್ಕೆ ಬಂದ, ಮ್ಯಾಜ್ ಮೊಣಕೈಯಿಂದ ತಳ್ಳಿದ ಹಾಗೆ ಸ್ವರವೊಂದನ್ನು ಹಾಕಿ ಅವನನ್ನು ಹೊರದೂಡಿದಳು. ನಡುವೆ ಎಲ್ಲೋ ಬಿದ್ದ. ಅಪಸ್ವರ ಬಂತು, ಕೆಟ್ಟದ್ದು, ಮುಂದಿನ ಸಾಲಿನವರು ಕಣ್ಣು ಕಿರಿದು ಮಾಡಿದರು. ಅವನು ನಿಲ್ಲಿಸಲು ಹೊರಟ. ಅವಳು ತಲೆಯಾಡಿಸಿ ಬೇಡವೆಂದಳು. ಮತ್ತೆ ಹಿಡಿದ. ಎರಡು ಸ್ವರ ಕೂಡಿಕೊಂಡವು, ಮೂರನೆಯದು ಜಾರಿತು. ಬೆವರುತ್ತಿದ್ದ. ರೆಕಾರ್ಡಿಂಗಿನಲ್ಲಿ ಇಲ್ಲದ ಜಾಗದಲ್ಲಿ ನಿಂತಿದ್ದ, ಹದಿನೈದನೇ ವಯಸ್ಸಿನಿಂದ ಈಚೆಗೆ ಅಲ್ಲಿಗೆ ಹೋಗಿರಲಿಲ್ಲ.

ಈ ಮಟ್ಟುಗಳ ಕೊನೆಯ ಸ್ವರ ಮೊದಲ ಸ್ವರದೊಳಕ್ಕೇ ಬಂದು ಬೀಳುತ್ತದೆ, ಆದ್ದರಿಂದ ಯಾರಾದರೂ ಬೇಕೆಂದೇ ನಿಲ್ಲಿಸದ ಹೊರತು ಅವು ಮುಗಿಯುವುದಿಲ್ಲ. ನಾನು ಕಿಂಡಿಯಿಂದ ಸನ್ನೆ ಮಾಡಿದೆ: ಚಹಾ ಆರುತ್ತಿದೆ, ಕಥೆ ಮುಗಿಸಬೇಕು, ಒಂದು ಚುಕ್ಕಿ ಕೊಡಿ. ಮ್ಯಾಜ್ ನನ್ನತ್ತ ತಿರುಗಿಯೂ ನೋಡಲಿಲ್ಲ. ಪಿಟೀಲಿನ ಮೇಲಿಂದಲೇ ಫಿಯಾಕ್ರನನ್ನು ಕೂಗಿ ಕೇಳಿದಳು, "ಎಲ್ಲಿದೀಯಪ್ಪಾ ನೀನು?"

"ಗೊತ್ತಿಲ್ಲ."

"ಒಳ್ಳೇದು. ಅಲ್ಲೇ ಇರು," ಎಂದಳು, ಇನ್ನೊಂದು ಸುತ್ತಿಗೆ ಕಮಾನು ಎಳೆದಳು, ಅವನು ಹಿಂದಿನ ಸಲದಂತೆ ಅಲ್ಲದೆ